ಎರಡನೇ ಅಡ್ಡರಸ್ತೆಯ ಒಲೆ

ಹುಣಸೆತೋಪು ಬಡಾವಣೆ, ಎರಡನೇ ಅಡ್ಡರಸ್ತೆ,
ಚಿಕ್ಕಬಳ್ಳಾಪುರ.
ಬುಧವಾರ ಬೆಳಗ್ಗೆ, 19-2-2025

ಪ್ರೀತಿಯ ಅತ್ತೆಗೆ, ನಿಮ್ಮ ಕಿರಿಸೊಸೆ ಶೋಭಾ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀರೋ, ಇಲ್ಲ ಬಾಣಂತಿಗೂ ಕೂಸಿಗೂ ತಿಕ್ಕುವುದರಲ್ಲೇ ಸೀಸೆ ಖಾಲಿಯಾಗುತ್ತಿದೆಯೋ? ಕವಿತಳಿಗೆ ನೀರು ಹಾಕುವಾಗ ಹಂಡೆಯನ್ನು ನೀವು ಎತ್ತಬೇಡಿ, ನಿಮ್ಮ ಅಳಿಯ ಎತ್ತಲಿ. ಮಗಳ ಬಾಣಂತನ ಎಂದರೆ ಏನೆಂದು ಅವರಿಗೂ ಸ್ವಲ್ಪ ತಿಳಿಯಲಿ. ಫೋನು ಇರುವಾಗ ಕಾಗದ ಯಾಕೆ ಎಂದು ನೀವು ಕನ್ನಡಕದ ಮೇಲಿಂದ ನೋಡುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನಾನು ‘ನಮ್ಮ ಲೇಔಟಿನಲ್ಲಿ’ ಎಂದು ಬಾಯಿ ತೆಗೆದರೆ ಸಾಕು, ‘ಕೂಸು ಅಳ್ತಾ ಐತೆ, ಇಡ್ತೀನಮ್ಮ’ ಎನ್ನುತ್ತೀರಿ. ಅಷ್ಟು ಸರಿಯಾದ ಹೊತ್ತಿಗೆ ಅಳುವ ಕೂಸು ಇಡೀ ಗೌರಿಬಿದನೂರು ತಾಲ್ಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಆಗುವುದಿಲ್ಲ. ಇವತ್ತು ನಿಮ್ಮ ಮಗನಿಗೆ ಗೌರಿಬಿದನೂರು ಬಸ್ಸಿನಲ್ಲಿ ಕಂಡಕ್ಟರ್ ಡ್ಯೂಟಿ, ಅವರ ಕೈಯಲ್ಲೇ ಕಳಿಸುತ್ತೇನೆ. ಹೇಳುವುದು ಬೆಟ್ಟದಷ್ಟಿದೆ ಅತ್ತೆ! ನಿನ್ನೆ ಹೊರಬೀಡು ನಡೆಯಿತು, ಊರೆಲ್ಲ ಬೀಗ ಹಾಕಿ ಆಚೆ ಬಂದು ಉಂಡಿತು. ನಿನ್ನೆಯಿಂದ ನನ್ನ ಮನೆಯಲ್ಲಿ ಒಲೆ ಉರಿದಿಲ್ಲ. ಗಾಬರಿಯಾಗಬೇಡಿ, ಗ್ಯಾಸ್ ಮುಗಿದಿಲ್ಲ. ನಾನೇ ಆರಿಸಿದ್ದೇನೆ.

ಯಾಕೆ ಎಂದು ನಿಮಗೆ ಗೊತ್ತಾಗಿರಬೇಕು. ಎರಡು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶಕ್ಕೆ ನೀವು ಬಂದಿರಿ, ಹೊಸ್ತಿಲಿಗೆ ಅರಿಶಿನ ಹಚ್ಚಿದಿರಿ, ಹಾಲು ಉಕ್ಕುವುದನ್ನು ಕಣ್ತುಂಬ ನೋಡಿದಿರಿ. ಆ ಹಾಲನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರೆ ಮುಟ್ಟಲಿಲ್ಲ. ‘ಇದು ಊರಲ್ಲ ಕಣಮ್ಮ, ಊರಾಚೆ. ಹೊರಬೀಡಿನ ದಿನ ಬಿಟ್ರೆ ಈ ತೋಪಲ್ಲಿ ಒಲೆ ಉರೀಬಾರ್ದು’ ಎಂದಿರಿ. ನಾನು ಮುಖ ಊದಿಸಿಕೊಂಡಿದ್ದು ನೋಡಿ, ‘ಬಯ್ಯಪ್ಪ ಬಂದು ನಿನ್ನ ಒಲೇಗೆ ಊರ ಬೆಂಕಿ ಕೊಡ್ಲಿ, ಅವತ್ತು ಹಾಲೇನು, ಹೊಟ್ಟೆ ತುಂಬ ಉಂಡು ಇಲ್ಲೇ ಮಲಗ್ತೀನಿ’ ಎಂದಿರಿ. ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ಸಪ್ಪಲಮ್ಮನ ಗುಡಿಯ ಪೂಜಾರಿ ಲೇಔಟಿಗೆ ಬೆಂಕಿ ತರುವುದು ಉಂಟೇ ಎಂದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ನೀವು ಎಷ್ಟು ಸಲ ಬಂದಿಲ್ಲ! ನಿಮ್ಮ ಮೊಮ್ಮಗಳು ಅಮೃತಳ ತಲೆ ಬಾಚುತ್ತೀರಿ, ಅವರೆಕಾಯಿ ಸುಲಿದು ಕೊಡುತ್ತೀರಿ, ಒಂದು ಗುಟುಕು ಕಾಫಿ ಕೂಡ ಕುಡಿಯದೆ ದೀಪ ಹಚ್ಚುವ ಮುಂಚೆ ಸೆರಗು ಕೊಡವಿ ಹಳ್ಳಿಯ ದಾರಿ ಹಿಡಿಯುತ್ತೀರಿ. ಮೋಹನ್‌ಬಾಬು ಭಾವನ ಮನೆಯಲ್ಲಿ ನಿಮಗೆ ಯಾವ ಕೊರತೆಯೂ ಇಲ್ಲ, ಒಪ್ಪಿದೆ. ಆದರೆ ಐದು ವರ್ಷ ಒಂದೇ ಅಡಿಗೆಮನೆಯಲ್ಲಿ ನಿಮ್ಮ ಹತ್ತಿರ ಬೈಸಿಕೊಂಡು ಮುದ್ದೆ ಕಟ್ಟುವುದು ಕಲಿತವಳು ನಾನು. ನಾನು ಕಟ್ಟಿದ ಮುದ್ದೆಯನ್ನು ನನ್ನ ಮನೆಯಲ್ಲಿ ನೀವು ಮುಟ್ಟದಿದ್ದರೆ ನನಗೆ ಬಹಳ ನೋವಾಗುತ್ತದೆ ಅತ್ತೆ. ಇಷ್ಟು ಬಾಯಿಬಡುಕಿಯಾದ ನನಗೂ ಈ ಒಂದು ಮಾತನ್ನು ನಿಮ್ಮೆದುರು ಹೇಳಲು ಬಾಯಿ ಬರಲಿಲ್ಲ.

ನನ್ನ ತವರು ಕೆಂಚಾರ್ಲಹಳ್ಳಿಯಲ್ಲಿ ಹೊರಬೀಡು ಇಲ್ಲ. ನಮ್ಮ ಮನೆಯಲ್ಲಿ ರೇಷ್ಮೆಹುಳ ಬಿಟ್ಟು ಒಂದು ದಿನ ಎಲ್ಲಿಗಾದರೂ ಹೋಗುವುದೇ ಕಷ್ಟ, ಇನ್ನು ಇಡೀ ಊರು ಊರನ್ನೇ ಬಿಟ್ಟು ಹೋಗುವುದೆಂದರೆ! ಮದುವೆಯಾದ ಹೊಸದರಲ್ಲಿ ನೀವು ಹೇಳಿಕೊಟ್ಟಿದ್ದು ನನಗೆ ಮಾತು ಮಾತಿಗೂ ನೆನಪಿದೆ. ಬೆಳಗಾಗುವ ಮುಂಚೆ ಮನೆ ಗುಡಿಸಿ, ಒಲೆ ಆರಿಸಿ, ಬೂದಿ ಬಳಿದು, ಬೀಗ ಹಾಕಬೇಕು. ಜನ, ದನ, ಕೋಳಿ, ನಾಯಿ ಎಲ್ಲ ಹೊರಗೆ. ಊರಬಾಗಿಲಿಗೆ ಮುಳ್ಳು ಬಡಿದು, ಕೆರೆಕಟ್ಟೆ ದಾಟಿ ಹುಣಸೆತೋಪಿಗೆ ಬಂದು ಅಲ್ಲೇ ಬೇಯಿಸಿ ಉಣ್ಣಬೇಕು. ಖಾಲಿ ಊರಿನಲ್ಲಿ ಅಮ್ಮ ಒಬ್ಬಳೇ ಓಡಾಡಿ ರೋಗರುಜಿನ ಗುಡಿಸಿ ಹಾಕುತ್ತಾಳೆ. ಸಂಜೆ ಹಿಂದಿರುಗಿದ ಮೇಲೆ ಬಯ್ಯಪ್ಪ ಗುಡಿಯಲ್ಲಿ ಹೊಸ ಬೆಂಕಿ ಮಾಡುತ್ತಾರೆ, ಅದರಿಂದಲೇ ಮನೆಮನೆಯ ಒಲೆ ಮತ್ತೆ ಹೊತ್ತಬೇಕು. ಆ ವರ್ಷ ತೋಪಿನ ಸುತ್ತ ಸೈಟಿನ ಕಲ್ಲು ನೆಟ್ಟಿದ್ದರು ಅಷ್ಟೆ. ಒಂದು ಸೈಟಿನ ಕಲ್ಲಿನ ಮೇಲೆ ನೀವು ಸಾರಿನ ಪಾತ್ರೆ ಇಳಿಸಿದ್ದಿರಿ. ಆಮೇಲೆ ಕೊರೋನ ಬಂತು, ಆಮೇಲೆ ಊರಿನಲ್ಲಿ ಸಾವುನೋವು, ಹೀಗೆ ಮುಂದಕ್ಕೆ ಹೋಗಿ ಹೋಗಿ ನಿನ್ನೆಗೆ ನಿಗದಿಯಾಯಿತು. ಅಷ್ಟರಲ್ಲಿ ಆ ಕಲ್ಲುಗಳ ನಡುವೆ ಇನ್ನೂರು ಮನೆ ಎದ್ದಿವೆ.

ಊರಿನವರಿಗೆ ತೋಪು ಎಂದರೆ ಈಗಲೂ ತೋಪೇ. ಲೇಔಟಿನವರಿಗೆ ಹೊರಬೀಡು ಎಂದರೆ ಏನೆಂದೇ ಗೊತ್ತಿಲ್ಲ. ನಿನ್ನೆಯೇ ಇಲ್ಲಿ ಹೊಸ ಲೈಬ್ರರಿಯ ಉದ್ಘಾಟನೆ ಬೇರೆ ಇಟ್ಟುಕೊಂಡಿದ್ದರು. ನಾನು ವಾಟ್ಸಾಪ್ ಗುಂಪಿನಲ್ಲಿ ‘ಮಂಗಳವಾರ ನಮ್ಮ ಹಳ್ಳಿಯವರು ತೋಪಿಗೆ ಬರುತ್ತಾರೆ’ ಎಂದು ಹಾಕಿದೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು, ಹೂಗುಚ್ಛ ಹಾಕಿದರು. ನಮ್ಮ ಸಂಘದ ಅಧ್ಯಕ್ಷರು ನರಸಿಂಹಮೂರ್ತಿ, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ‘ಸುಸ್ವಾಗತ’ ಎಂದೂ ಬರೆದರು. ಲೈಬ್ರರಿ ನೋಡಲು ಹತ್ತಿಪ್ಪತ್ತು ಜನ ಬರುತ್ತಾರೆ ಎಂದು ಅವರ ಲೆಕ್ಕ. ಊರಿಗೆ ಊರೇ ದನಕರು ಸಮೇತ ಬರುತ್ತದೆ ಎಂದು ಬಿಡಿಸಿ ಹೇಳದೇ ಹೋದದ್ದು ನನ್ನದೇ ತಪ್ಪು.

ಸೋಮವಾರ ರಾತ್ರಿ ಮಲಗಿದಾಗ ನನಗೊಂದು ಯೋಚನೆ ಬಂತು. ಊರ ಬೆಂಕಿ ಬೇಕೆಂದರೆ ಮೊದಲು ಊರಿನವರ ಹಾಗೆ ಒಲೆ ಆರಿಸಬೇಕಲ್ಲವೇ? ನಿನ್ನೆ ನಸುಕಿನಲ್ಲಿ ಎದ್ದು ಮನೆಯೆಲ್ಲ ಗುಡಿಸಿದೆ, ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿಟ್ಟೆ, ಬೀಗ ಹಾಕಿದೆ, ಅಮೃತಳನ್ನು ಎತ್ತಿಕೊಂಡು ಹಳ್ಳಿಗೆ ಹೊರಟೆ. ನಿಮ್ಮ ಮಗ ಹಿಂದೆಯೇ ಬಂದು, ‘ಹೊರಬೀಡಿನ ಜಾಗದಲ್ಲೇ ಇದೀವಿ, ಇಲ್ಲಿಂದ ಊರಿಗೆ ಹೋಗಿ ಮತ್ತೆ ಇಲ್ಲಿಗೇ ಬರ್ತೀಯಾ? ನಿಂಗೆ ತಲೆ ಕೆಟ್ಟೈತಾ?’ ಎಂದರು. ಹೌದು, ಕೆಟ್ಟಿತ್ತು. ಊರಿನ ಒಳಗಿಂದ ಎಲ್ಲರ ಜೊತೆ ಹೊರಟರೆ ತಾನೇ ನಾನು ಊರಿನವಳು. ಭಾವನ ಮನೆಯ ಮುಂದೆ ಬುಟ್ಟಿ ತಲೆಗೇರಿಸಿಕೊಂಡೆ. ಮುಂದೆ ಮುನಿವೆಂಕಟಪ್ಪ ದೊಡ್ಡಮಾವ, ಹಿಂದೆ ನಾವು, ನಮ್ಮ ಹಿಂದೆ ದನ, ಕೊನೆಯಲ್ಲಿ ವೆಂಕಟರಾಯಪ್ಪನವರ ಆ ಪುಂಡ ಹಸು. ಕೆರೆಕಟ್ಟೆಯ ಮೇಲೆ ಬಿಸಿಲು ಬೀಳುವಾಗ ಆ ಸಾಲು ನೋಡಿ ನನಗೆ ಮೈ ಜುಮ್ಮೆಂದಿತು. ನೀವಿದ್ದಿದ್ದರೆ ಎಂದು ಅಲ್ಲೇ ಅನಿಸಿತು.

ಲೇಔಟಿನ ಕಮಾನಿನ ಹತ್ತಿರ ಬಂದರೆ ವಾಚ್‌ಮನ್ ಗೇಟು ಮುಚ್ಚಿಬಿಟ್ಟ! ನನ್ನ ಮನೆಯ ಗೇಟನ್ನು ನನ್ನ ಮುಖಕ್ಕೇ ಮುಚ್ಚಿದ. ಬುಟ್ಟಿಯ ಕೆಳಗೆ ನನ್ನನ್ನು ಗುರುತಿಸಿ ‘ಮೇಡಂ, ನೀವು ಯಾಕೆ ಆ ಕಡೆ ಇದೀರ?’ ಎಂದು ಕಣ್ಣು ಕಣ್ಣು ಬಿಟ್ಟ. ನರಸಿಂಹಮೂರ್ತಿ ರೇಷ್ಮೆ ಶಲ್ಯ ಹೊದ್ದು ಓಡಿಬಂದರು. ಜಮೀನಿನ ವಿಚಾರಕ್ಕೋ ನೀರಿನ ವಿಚಾರಕ್ಕೋ ಧರಣಿಗೆ ಬಂದಿದ್ದಾರೆ ಎಂದುಕೊಂಡು, ಕೈಮುಗಿದು, ‘ನಿಮ್ಮ ಬೇಡಿಕೆ ಏನಿದ್ದರೂ ಕೂತು ಮಾತಾಡೋಣ’ ಎಂದರು. ದೊಡ್ಡಮಾವ ಅವರನ್ನು ಕೆಳಗಿಂದ ಮೇಲಕ್ಕೆ ನೋಡಿ, ‘ಬೇಡಿಕೆ ಏನೂ ಇಲ್ಲ ಸ್ವಾಮಿ, ಮುದ್ದೆ ಮಾಡ್ಕೊಂಡು ಉಂಡು ಹೋಗ್ತೀವಿ’ ಎಂದರು. ಅಷ್ಟರಲ್ಲಿ ಪಕ್ಕದ ಮನೆಯ ತನುಜ ಬಂದು ಗೇಟು ತೆಗೆಸಿದಳು. ಅವಳೇ ಸಂಘದ ಕಾರ್ಯದರ್ಶಿ, ಜಿಲ್ಲಾಸ್ಪತ್ರೆಯಲ್ಲಿ ನರ್ಸು, ನಿಮ್ಮ ಹಳೇ ಜೊತೆಗಾತಿ ಆಂಜಿನಮ್ಮನ ಮೊಮ್ಮಗಳು. ಹೊರಬೀಡಿನ ಕಥೆ ಅಜ್ಜಿಯ ಬಾಯಲ್ಲಿ ಕೇಳಿದ್ದಳಂತೆ. ಎಲ್ಲರೂ ಒಳಗೆ ನುಗ್ಗಿದೆವು. ಲೈಬ್ರರಿಯ ಬಾಗಿಲಿಗೆ ಅಡ್ಡ ಕಟ್ಟಿದ್ದ ಚೆಂಡುಹೂವಿನ ಹಾರವನ್ನು ವೆಂಕಟರಾಯಪ್ಪನವರ ಹಸು ನಿಂತ ನಿಲುವಿನಲ್ಲಿ ತಿಂದು ಮುಗಿಸಿತು. ಮುಖ್ಯ ಅತಿಥಿಗಳ ಕಾರು ಇನ್ನೂ ದನಗಳ ಹಿಂದೆ ಕಮಾನಿನ ಆಚೆಯೇ ಹಾರನ್ ಹೊಡೆಯುತ್ತಿತ್ತು. ಹೀಗೆ ನಮ್ಮ ಲೈಬ್ರರಿಯ ಉದ್ಘಾಟನೆ ಹಸುವಿನ ಬಾಯಿಂದ ಆಯಿತು!

ಈ ಬಡಾವಣೆಯಲ್ಲಿ ಏನೇನಿದೆ ಎಂದು ಹೇಳಲು ನೀವು ಇಷ್ಟು ದಿನ ಬಿಡಲೇ ಇಲ್ಲವಲ್ಲ, ಈಗ ಕೇಳಿ. ಪಾರ್ಕಿನ ಕಬ್ಬಿಣದ ಕಸರತ್ತಿನ ಸಾಮಾನಿನ ಮೇಲೆ ನಿಮ್ಮ ಓರಗೆಯ ಅಜ್ಜಿಯರೆಲ್ಲ ಹತ್ತಿ ಕೂತರು, ಕೈಕಾಲು ಆಡಿಸುತ್ತ ಇಳಿಯಲೇ ಒಲ್ಲರು. ನಮ್ಮ ಲೇಔಟಿನವರು ಇಷ್ಟು ದಿನ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಆರೋಗ್ಯ ಉಪಕೇಂದ್ರದಲ್ಲಿ ತನುಜ ಸಾಲಾಗಿ ಕೂರಿಸಿ ಬಿಪಿ ನೋಡಿದಳು. ದೊಡ್ಡಮಾವನಿಗೆ ಜಾಸ್ತಿ ಇದೆಯಂತೆ, ಉಪ್ಪಿನಕಾಯಿ ಬಿಡಿ ಎಂದಿದ್ದಾಳೆ, ನೀವೂ ಒಂದು ಮಾತು ಹೇಳಿ. ಸಮುದಾಯ ಭವನದ ಶೌಚಾಲಯ, ಬಿಸಿನೀರಿನ ನಲ್ಲಿ ನೋಡಿ ನಮ್ಮ ಅಕ್ಕ, ಅದೇ ಭಾವನ ಹೆಂಡತಿ, ‘ಈ ಭವನದಲ್ಲೇ ನನ್ನ ಮಗನ ಮದುವೆ’ ಎಂದು ಆಗಲೇ ನಿಶ್ಚಯಿಸಿದರು. ಅವನಿನ್ನೂ ಎಂಟನೇ ಕ್ಲಾಸು. ಓವರ್‌ಹೆಡ್ ಟ್ಯಾಂಕಿನ ಬುಡದ ನಲ್ಲಿಯಲ್ಲಿ ದನಗಳಿಗೆ ನೀರು, ಅಂಗನವಾಡಿಯ ಜೋಕಾಲಿಯಲ್ಲಿ ಮಕ್ಕಳು, ಹಾರವಿಲ್ಲದ ಲೈಬ್ರರಿಯಲ್ಲಿ ಊರಿನ ಹೆಣ್ಣುಮಕ್ಕಳು. ಹೊತ್ತೇರುವ ವೇಳೆಗೆ ಲೇಔಟಿನ ಹೆಂಗಸರೂ ಒಬ್ಬೊಬ್ಬರಾಗಿ ಬಂದು ‘ಏನು ಮಾಡ್ತಿದೀರ, ನಾವೂ ಸೇರಬಹುದಾ’ ಎಂದು ಕೇಳಿದರು. ಕಟ್ಟಿಸಿ ಬೀಗ ಹಾಕಿಟ್ಟಿದ್ದ ಸೌಕರ್ಯಗಳೆಲ್ಲ ನಿನ್ನೆ ಒಂದೇ ದಿನ ಬಳಕೆಗೆ ಬಂದವು.

ನಿಮ್ಮ ಹುಣಸೆಮರಗಳಲ್ಲಿ ಮೂರು ಉಳಿದಿವೆ, ಪಾರ್ಕಿನ ಒಳಗೆ. ಎರಡಾಗಿ ಕವಲೊಡೆದ ಆ ಕವೆಯ ಮರವೂ ಇದೆ, ನೀವು ಪ್ರತಿ ಸಲ ಒಲೆ ಹೂಡುತ್ತಿದ್ದ ಮರ. ನಮ್ಮ ಅಡಿಗೆಮನೆಯ ಕಿಟಕಿಯಿಂದ ಕಾಣುತ್ತದೆ ಎಂದು ನಿಮಗೆ ಎಷ್ಟು ಸಲ ತೋರಿಸಿದ್ದೇನೆ! ಅದರ ಬುಡದಲ್ಲಿ ನಿಮ್ಮ ಹೆಸರಿನಲ್ಲಿ ನಾನು ಮೂರು ಕಲ್ಲಿಟ್ಟೆ. ನರಸಿಂಹಮೂರ್ತಿ ಪಾರ್ಕಿನ ಫಲಕ ತೋರಿಸಿ, ಬಡಾವಣೆಯ ಚರಿತ್ರೆ ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೆ ಶುರುವಾಯಿತು, ಮೊದಲು ಇಲ್ಲಿ ಏನೂ ಇರಲಿಲ್ಲ ಎಂದು ದೊಡ್ಡಮಾವನಿಗೆ ವಿವರಿಸುತ್ತಿದ್ದರು. ದೊಡ್ಡಮಾವನಿಗೆ ನಗು ತಡೆಯಲಾಗಲಿಲ್ಲ. ಅಧ್ಯಕ್ಷರನ್ನು ಕೈ ಹಿಡಿದು ರಸ್ತೆ ರಸ್ತೆ ತಿರುಗಿಸಿ, ಯಾರ ಮನೆಯ ಒಲೆ ಎಲ್ಲಿ, ದನ ಕಟ್ಟುತ್ತಿದ್ದದ್ದು ಎಲ್ಲಿ, ತೋಪು ಯಾರು ನೆಟ್ಟಿದ್ದು ಎಂದೆಲ್ಲ ತೋರಿಸಿದರು. ‘ನಿಮ್ಮ ಮನೆ ಐತಲ್ಲ ಸ್ವಾಮಿ, ಅಲ್ಲೇ ನಮ್ಮಪ್ಪ ತುಪಾಕಿ ಇಟ್ಕೊಂಡು ಕಾವಲು ಕೂತ್ಕೊಳ್ತಿದ್ದ’ ಎಂದಾಗ ಅಧ್ಯಕ್ಷರ ಮುಖ ನೋಡಬೇಕಿತ್ತು, ಪ್ರಮೋಷನ್ ಸಿಕ್ಕವರ ಹಾಗೆ ಅರಳಿತು. ಆ ಫಲಕ ಬದಲಾಯಿಸುತ್ತಾರಂತೆ.

ಇನ್ನೊಂದು ವಿಷಯ, ನೀವು ಮುಖ ಸಿಂಡರಿಸಬೇಡಿ. ಮೊದಲೆಲ್ಲ ಆಂಜಿನಮ್ಮನವರ ಕೇರಿಯ ಒಲೆಗಳು ತೋಪಿನ ಆ ತುದಿಯಲ್ಲಿ, ಹಳ್ಳದ ಆಚೆ ಇರುತ್ತಿದ್ದವು ಎಂದು ನೀವೇ ಹೇಳಿದ್ದೀರಿ. ಈಗ ಆ ತುದಿಯೂ ಇಲ್ಲ, ಹಳ್ಳವೂ ಇಲ್ಲ. ಇರುವುದೊಂದು ಪಾರ್ಕು. ಒಲೆಗಳೆಲ್ಲ ಒಂದೇ ಸಾಲು. ನಿಮ್ಮ ಮೂರು ಕಲ್ಲಿನ ಪಕ್ಕದಲ್ಲೇ ಆಂಜಿನಮ್ಮ ಮೂರು ಕಲ್ಲಿಟ್ಟರು. ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಅವರೇ ಹಾಕಿದರು. ‘ಓಬಳಮ್ಮನ ಸೊಸೆ ಅಂತೀಯ, ಉಪ್ಪು ಹಾಕಾಕೆ ಬರಲ್ವಾ’ ಎಂದು ಬೈದರು. ಹಿತಕಿದ ಅವರೆಬೇಳೆ ಸಾರು, ಮುದ್ದೆ. ಹಾಗೆ ನಾನು ಯಾವತ್ತೂ ಉಂಡಿರಲಿಲ್ಲ.

ಹೊತ್ತು ಇಳಿಯುವ ಮುಂಚೆ ಎಲ್ಲರೂ ಗಂಟುಮೂಟೆ ಕಟ್ಟುವಾಗ ನಾನು ಬಯ್ಯಪ್ಪನವರ ಮುಂದೆ ಹೋಗಿ ನಿಂತು, ಬೆಳಗ್ಗೆ ನನ್ನ ಒಲೆಯನ್ನೂ ಆರಿಸಿದ್ದೇನೆ, ಸಂಜೆ ನನಗೂ ಬೆಂಕಿ ಕೊಡಬೇಕು ಎಂದು ಕೇಳಿಯೇ ಬಿಟ್ಟೆ. ಅವರು ಕೈಯಲ್ಲಿದ್ದ ಗಂಟು ಕೆಳಗಿಟ್ಟರು. ‘ಊರ ಬೆಂಕಿ ಊರೊಳಗೆ ಕೊಡೋದು ಕಣಮ್ಮ. ಹೊರಬೀಡಿನ ಜಾಗಕ್ಕೇ ಕೊಟ್ರೆ ಊರು ಯಾವುದು, ಆಚೆ ಯಾವುದು? ಮುಂದಿನ ಸಲ ಎಲ್ಲಿಗೋಗಣ?’ ಎಂದರು. ಕೋಪವಿರಲಿಲ್ಲ, ನಿಜವಾದ ಚಿಂತೆ ಅದು. ನರಸಿಂಹಮೂರ್ತಿ ಪಕ್ಕದಿಂದ, ‘ಗುಡ್ಡದ ಕೆಳಗೆ ಹೋಗೋಣ, ನೀರಿನ ಟ್ಯಾಂಕರ್ ಸಂಘದಿಂದ ಕೊಡ್ತೀವಿ, ನಾವೂ ಮನೆಗೆ ಬೀಗ ಹಾಕ್ಕೊಂಡು ಬರಬಹುದಾ?’ ಎಂದು ಮಕ್ಕಳ ಹಾಗೆ ಕೇಳಿದರು. ಎಲ್ಲರೂ ನಕ್ಕರು, ಬಯ್ಯಪ್ಪ ನಗಲಿಲ್ಲ. ಆಗ ಆಂಜಿನಮ್ಮ ಕಲ್ಲಿನ ಮೇಲಿಂದ ಎದ್ದರು. ‘ಆಗ ನಮ್ಮ ಮನೆ ಊರಿಂದ ಆಚೆ. ತೋಪಿಗೆ ಬಂದ್ರೆ ಒಲೆ ತೋಪಿಂದಾನೂ ಆಚೆ. ಈಗ ನನ್ನ ಮೊಮ್ಮಗಳು ಎರಡನೇ ಕ್ರಾಸಲ್ಲಿ ಮನೆ ಕಟ್ಟವಳೆ. ಇದೂ ಊರಲ್ಲ ಅಂದ್ರೆ, ನಾನು ಇನ್ನೂ ಆಚೇನೇ ಇದೀನಾ ಬಯ್ಯಪ್ಪ?’ ಎಂದರು. ಜೋರು ಮಾಡಲಿಲ್ಲ, ಅಳಲಿಲ್ಲ, ಸುಮ್ಮನೆ ಕೇಳಿದರು. ನನ್ನ ಹಾಲಿನ ಲೋಟದ ಸಂಕಟ ಅವರ ಮಾತಿನ ಮುಂದೆ ಎಷ್ಟು ಚಿಕ್ಕದು ಎನಿಸಿ ನನಗೆ ನಾಚಿಕೆಯಾಯಿತು. ಕೊನೆಗೆ ಬಯ್ಯಪ್ಪ, ‘ಇದು ನಾನು ಹೇಳೋ ಮಾತಲ್ಲ ಆಂಜಿನಮ್ಮ. ಬೆಳಗ್ಗೆ ಅಮ್ಮನ್ನ ಹೂ ಕೇಳ್ತೀನಿ’ ಎಂದು ಹೇಳಿ, ತಿರುಗಿ ನೋಡದೆ ಊರಿನ ಕಡೆ ನಡೆದರು.

ಆಂಜಿನಮ್ಮ ನೇರ ಪಕ್ಕದ ಮೊಮ್ಮಗಳ ಮನೆಗೆ ಹೋಗಿ ತಮ್ಮ ಗ್ಯಾಸನ್ನೂ ಆರಿಸಿದರು. ‘ಕೊಟ್ರೆ ಇಬ್ರಿಗೂ ಕೊಡ್ಲಿ’ ಎಂದರು. ಅದನ್ನು ಕೇಳಿ ಎದುರುಮನೆಯ ಸೌಜನ್ಯ ಆರಿಸಿದಳು, ಅವಳನ್ನು ನೋಡಿ ಇನ್ನೊಬ್ಬರು. ರಾತ್ರಿ ವಾಟ್ಸಾಪಿನಲ್ಲಿ ನೋಡುತ್ತೇನೆ, ಅಧ್ಯಕ್ಷರು ತಮ್ಮ ಆರಿದ ಒಲೆಯ ಫೋಟೋ ಹಾಕಿದ್ದಾರೆ! ಹೂ ಕೇಳುವುದೆಂದರೆ ಏನೆಂದು ಅವರಿಗೆ ತನುಜ ವಿವರಿಸಬೇಕಾಯಿತು, ದೇವರ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಇಲ್ಲ ಎಂದು. ಇವತ್ತು ಬೆಳಗ್ಗೆ ಇಡೀ ಎರಡನೇ ಅಡ್ಡರಸ್ತೆಯಲ್ಲಿ ಒಂದು ಒಲೆಯೂ ಉರಿಯುತ್ತಿಲ್ಲ. ನಿಮ್ಮ ಮಗ ಹೈವೇ ಪಕ್ಕದ ಹೋಟೆಲಿನಿಂದ ಎಲ್ಲರಿಗೂ ಇಡ್ಲಿ ತಂದರು. ತಿಂದು, ಕೈ ತೊಳೆದು, ತಣ್ಣಗಿರುವ ಒಲೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಕವೆಯ ಮರ. ರಸ್ತೆಯಲ್ಲಿ ಯಾರೂ ಬರುತ್ತಿಲ್ಲ. ಹೂ ಎಡಗಡೆ ಬಿದ್ದಿದ್ದರೆ? ಆಗ ಗ್ಯಾಸ್ ಹಚ್ಚಲೇಬೇಕು, ಮಗುವಿಗೆ ಅನ್ನ ಬೇಕಲ್ಲ. ಆದರೆ ಹಚ್ಚುವಾಗ ನನ್ನ ಕೈ ಹೇಗೆ ಬರುತ್ತದೋ ಗೊತ್ತಿಲ್ಲ. ಆಂಜಿನಮ್ಮನ ಮುಖ ನೋಡುವುದಂತೂ ನನ್ನಿಂದಾಗದು.

ನಿಮ್ಮ ಮಗ ಯೂನಿಫಾರಂ ಹಾಕಿ, ಟಿಕೆಟ್ ಮೆಷಿನ್ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾರೆ, ಮುಗಿಸಲೇಬೇಕು. ಕವಿತಳಿಗೆ ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಕಟ್ಟಿ. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು, ಅಮೃತಳದು ಎರಡು. ಅಳಿಯಂದಿರಿಗೆ ನಮಸ್ಕಾರ ತಿಳಿಸಿ. ನಿಮ್ಮ ಕಾಲು ಹಿಡಿದು ಆಶೀರ್ವಾದ ಕೇಳುತ್ತಿದ್ದೇನೆ, ಮಂಡಿ ನೋಯದ ಹಾಗೆ ಮೆಲ್ಲಗೆ ಹಿಡಿದಿದ್ದೇನೆ.

ಇಂತಿ ನಿಮ್ಮ ಹಟಮಾರಿ ಸೊಸೆ,
ಶೋಭಾರಾಣಿ

ಮರೆತ ಮಾತಲ್ಲ, ಈಗ ನಡೆದ ಮಾತು: ಅತ್ತೆ, ಬಂದರು! ನಿಮ್ಮ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಬರೆಯುತ್ತಿದ್ದೇನೆ, ಬಸ್ಸು ತಪ್ಪುತ್ತದೆ ಎಂದು ಕೂಗುತ್ತಿದ್ದಾರೆ. ಬಯ್ಯಪ್ಪ ಮಡಕೆಯಲ್ಲಿ ಕೆಂಡ ತಂದಿದ್ದಾರೆ. ಬಲಗಡೆಯಿಂದಲೇ ಹೂ ಬಿತ್ತಂತೆ. ಬೀಳದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ‘ಬೀಳೋವರ್ಗೂ ಕೇಳ್ತಿದ್ದೆ’ ಎಂದರು. ನನ್ನ ಮನೆಗೆ ಮೊದಲು ಬರಲಿಲ್ಲ. ಮೊದಲು ಆಂಜಿನಮ್ಮನ ಹೊಸ್ತಿಲಲ್ಲಿ ನಿಂತು, ಅವರ ಕೈಗೆ ಮಡಕೆ ಕೊಟ್ಟು, ‘ಈ ಬೀದಿಗೆ ನೀನೇ ಹಂಚು’ ಎಂದರು. ಆಂಜಿನಮ್ಮ ಸೆರಗಿನಲ್ಲಿ ಮಡಕೆ ಹಿಡಿದು ಬಂದು ನನ್ನ ಒಲೆಗೆ ಅವರೇ ಹಚ್ಚಿದರು. ‘ಓಬಳಮ್ಮಂಗೆ ಬರಿ, ಇನ್ನು ಅವಳ್ದು ಏನು ನೆಪ ಅಂತ ಕೇಳು’ ಎಂದಿದ್ದಾರೆ. ಬಯ್ಯಪ್ಪ ಕೊಟ್ಟ ಊರ ಬೆಂಕಿ, ಆಂಜಿನಮ್ಮನ ಕೈಯಿಂದ ಬಂದದ್ದು. ನಿಮ್ಮ ಮಾತು ನಿಮಗೆ ನೆನಪಿದೆ. ಕೂಸಿಗೆ ತಿಂಗಳು ತುಂಬಿದ ಮೇಲೆ ಹೊರಟು ಬನ್ನಿ, ಬಸ್ಸು ಈಗ ನಮ್ಮ ಕಮಾನಿನಲ್ಲೇ ನಿಲ್ಲುತ್ತದೆ. ಹಾಲಿಟ್ಟಿದ್ದೇನೆ, ಉಕ್ಕುತ್ತಿದೆ. ಮೊದಲ ಲೋಟ ಆಂಜಿನಮ್ಮನಿಗೆ ಕೊಡುತ್ತೇನೆ. ಎರಡನೆಯದು ನಿಮ್ಮದು.